ಕಿಟ್ ವಾಪಸು ಕಳಿಸುವ ದಿನ

ಪರ್ಕಳದ ಬಾಡಿಗೆ ಮಹಡಿಯ ಆಫೀಸಿನಲ್ಲಿ ಕೊನೆಗೆ ಉಳಿದದ್ದು ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಟೇಪು ಕಿತ್ತ ಗುರುತುಗಳು, ಒಳಕೋಣೆಯಲ್ಲಿ ನೆಲದ ಮೇಲಿಟ್ಟಿದ್ದ ಆ ಕಿಟ್. ಮಿಕ್ಕಿದ್ದನ್ನೆಲ್ಲ ದೀಕ್ಷಿತಾ ಒಬ್ಬಳೇ ಸಾಗಹಾಕಿದ್ದಳು. ಮೇಜುಗಳನ್ನು ಸಂತೆಕಟ್ಟೆಯ ಹಳೆ ಸಾಮಾನಿನ ಅಂಗಡಿಯವನು ಟೆಂಪೋದಲ್ಲಿ ಒಯ್ದಿದ್ದ. ಕಂಪ್ಯೂಟರುಗಳು ಮಣಿಪಾಲದ ಒಂದು ತರಬೇತಿ ಕೇಂದ್ರಕ್ಕೆ ಹೋಗಿದ್ದವು. ಜೊತೆಗಿದ್ದ ಅಖಿಲ್ ಆಸ್ಪತ್ರೆ ಬಿಲ್ಲುಗಳ ಸಾಫ್ಟ್‌ವೇರ್ ಮಾಡುವ ಕಡೆ ಸೇರಿಕೊಂಡಿದ್ದ. ಚಿತ್ರ ಬರೆಯುತ್ತಿದ್ದ ಕಾವ್ಯ ಮದುವೆ ಆಲ್ಬಮ್ ಮಾಡುವ ಸ್ಟುಡಿಯೋಗೆ ಹೋಗುತ್ತಿದ್ದಳು. ಅಖಿಲ್ ಇದ್ದಲ್ಲೇ ದೀಕ್ಷಿತಾಳಿಗೂ ಕೆಲಸ ಸಿಕ್ಕಿತ್ತು, ಸೋಮವಾರದಿಂದ. ಅದರ ಬಗ್ಗೆ ಅವಳಿಗೆ ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ನಿದ್ದೆ ಮಾಡಬೇಕು ಅನ್ನುವುದು ಬಿಟ್ಟು ಬೇರೆ ಯಾವ ಆಸೆಯೂ ಅವಳಲ್ಲಿ ಆಗ ಉಳಿದಿರಲಿಲ್ಲ.

ಕಿಟ್ ನೋಡಲು ಅಂಗಡಿಯಲ್ಲಿ ಸಿಗುವ ವಿಡಿಯೋ ಗೇಮ್ ಕನ್ಸೋಲಿನ ಹಾಗೆಯೇ ಇತ್ತು. ಆದರೆ ಅದಕ್ಕಿಂತ ದಪ್ಪ, ಅದಕ್ಕಿಂತ ಭಾರ, ಅದಕ್ಕಿಂತ ಕುರೂಪಿ. ಕನ್ಸೋಲ್ ತಯಾರಿಸುವ ಕಂಪೆನಿ ಇದನ್ನು ಯಾರಿಗೂ ಮಾರುವುದಿಲ್ಲ. ತನ್ನ ಕನ್ಸೋಲಿಗಾಗಿ ಆಟ ಬರೆಯುವವರಿಗೆ ಕರಾರಿನ ಮೇಲೆ ಬಳಸಲು ಕೊಡುತ್ತದೆ, ಕೇಳಿದಾಗ ಹಿಂದಿರುಗಿಸಬೇಕು. ಅರೆಬರೆ ಬರೆದ ಆಟ ಅಂಗಡಿಯ ಕನ್ಸೋಲಿನಲ್ಲಿ ಓಡುವುದಿಲ್ಲ, ಇದರಲ್ಲಿ ಮಾತ್ರ ಓಡುತ್ತದೆ. ಹೊರಗಿನವರಿಗೆ ಇದನ್ನು ತೋರಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ನೋಂದಾಯಿಸಿದ ವಿಳಾಸದಿಂದ ಆಚೆ ಒಯ್ಯುವ ಹಾಗಿಲ್ಲ. ಅದಕ್ಕೇ ಒಳಕೋಣೆಗೆ ಯಾವಾಗಲೂ ಬೀಗ ಇರುತ್ತಿತ್ತು. ಕಸ ಗುಡಿಸಿ ಚಹಾ ಮಾಡಿಕೊಡುತ್ತಿದ್ದ ಶಶಿಕಲಾ ಕೂಡ ಆ ಹೊಸ್ತಿಲು ದಾಟಿದವಳಲ್ಲ.

ಆ ಶನಿವಾರ ಬೆಳಿಗ್ಗೆ ಕೋಣೆಗೆ ಬೀಗ ಹಾಕುವ ಅಗತ್ಯವೇ ಇರಲಿಲ್ಲ. ಕಿಟ್ ಬಂದಾಗಿನ ರಟ್ಟಿನ ಪೆಟ್ಟಿಗೆಯನ್ನು ಕಳೆದ ಮಳೆಗಾಲದಲ್ಲಿ ಗೆದ್ದಲು ತಿಂದಿತ್ತು. ಕೆಳಗಿನ ಅಂಗಡಿಯಿಂದ ಶಶಿಕಲಾ ಮಿಕ್ಸಿಯ ಚಿತ್ರವಿದ್ದ ಒಂದು ಖಾಲಿ ಪೆಟ್ಟಿಗೆ ತಂದುಕೊಟ್ಟಳು, ಸುತ್ತಲೂ ತುರುಕಲು ಹಳೆ ಪೇಪರುಗಳನ್ನೂ ತಂದಳು. ಬಾಗಲಕೋಟೆ ಕಡೆಯಿಂದ ಬಂದು ಗಂಡ ರೇವಪ್ಪನ ಸೆಂಟ್ರಿಂಗ್ ಕೆಲಸದ ಜೊತೆಗೆ ಊರೂರು ತಿರುಗಿದವಳು. ಸಾಮಾನು ಕಟ್ಟುವುದು ಅವಳಿಗೆ ಹೊಸದಲ್ಲ.

"ಇಷ್ಟ ದಿನಾ ಈ ಖೋಲಿ ಒಳಗ ಬಿಡ್ಲಿಲ್ಲ ನೀವು. ಇದರಾಗ ಅಂಥಾದ್ದು ಏನೈತ್ರಿ ಅಕ್ಕಾ?" ಎಂದು ಕೇಳಿದಳು.

"ಎಂತ ಇಲ್ಲ ಶಶಿಕಲಾ. ಒಂದು ಆಟ ಉಂಟು."

ಶಶಿಕಲಾ ಹಗ್ಗ ಬಿಗಿದಳು. ಮೆಟ್ಟಿಲಿಳಿಯುವಾಗ ಪೆಟ್ಟಿಗೆಯ ಒಂದು ಬದಿಯನ್ನು ಅವಳೇ ಹಿಡಿದುಕೊಂಡಳು. ದೀಕ್ಷಿತಾ ಮನೆ ಮಾಲೀಕರಿಗೆ ಕೀಲಿಕೈ ಕೊಟ್ಟು ಬಂದು ನೋಡಿದರೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಪೆಟ್ಟಿಗೆ ಕಾಯುತ್ತ ಶಶಿಕಲಾ ಇನ್ನೂ ನಿಂತಿದ್ದಳು. ಮುಂದೆ ಎಲ್ಲಿ ಕೆಲಸಕ್ಕೆ ಹೋಗುತ್ತಿ ಎಂದು ದೀಕ್ಷಿತಾ ಕೇಳಿದ್ದಕ್ಕೆ, ಹುಡುಗಿಯರ ಪಿ.ಜಿ.ಯಲ್ಲಿ ಚಪಾತಿ ಲಟ್ಟಿಸುವುದಕ್ಕೆ ಕರೆದಿದ್ದಾರೆ ಎಂದಳು. ಹಾಗೆ ಅವರಿಬ್ಬರ ಬೀಳ್ಕೊಡುಗೆ ಮುಗಿಯಿತು.

ಕಿಟ್ಟನ್ನು ಆ ದಿನವೇ ಉಡುಪಿಯ ಕೊರಿಯರ್ ಕಚೇರಿಗೆ ಮುಟ್ಟಿಸಬೇಕಿತ್ತು. ಅದಕ್ಕೆ ಮೊದಲು, ನಿಯಮ ಮೀರಿಯಾದರೂ, ಅದನ್ನು ಕಾರ್ಕಳಕ್ಕೆ ಒಯ್ಯಲೇಬೇಕಾಗಿತ್ತು. ಕಳಿಸುವ ಮುನ್ನ ಒಳಗಿರುವುದನ್ನೆಲ್ಲ ಅಳಿಸಬೇಕು, ಅಳಿಸಲು ಖಾತೆದಾರರೇ ತಮ್ಮ ಪಾಸ್‌ವರ್ಡ್ ಹಾಕಬೇಕು ಎಂದು ಕಂಪೆನಿ ಬರೆದಿತ್ತು. ಖಾತೆ ಇದ್ದದ್ದು ಆಫೀಸಿನ ಯಜಮಾನ ವಲೇರಿಯನ್ ಅವರ ಹೆಸರಿನಲ್ಲಿ. ಅವರು ಮೂರು ತಿಂಗಳಿಂದ ಅವಳ ಒಂದು ಮೇಲ್‌ಗೂ ಉತ್ತರ ಕೊಟ್ಟಿರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿದ್ದದ್ದು ಅವರ ಹೆಂಡತಿ ಸೆಲೀನ್. ಮಲಗಿದ್ದಾರೆ, ಸ್ನಾನಕ್ಕೆ ಹೋಗಿದ್ದಾರೆ, ಈಗಷ್ಟೇ ಮಾತ್ರೆ ತೆಗೆದುಕೊಂಡಿದ್ದಾರೆ ಎಂದು ಏನಾದರೊಂದು ಹೇಳುತ್ತಿದ್ದರು. ನಿನ್ನೆ ಮಾತ್ರ ಸೆಲೀನ್, ನೀನೇ ಬಂದುಬಿಡು ಎಂದಿದ್ದರು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಳು. ಹಿಂದೆ ಇಡಿ ಎಂದ ಕಂಡಕ್ಟರ್, ಅವಳು ಒಪ್ಪದಿದ್ದಾಗ ಮಿಕ್ಸಿಯ ಚಿತ್ರ ನೋಡಿ, "ರಿಪೇರಿಗಾ? ಅದಕ್ಕೆ ಕಾರ್ಕಳಕ್ಕೆ ಯಾಕೆ, ಉಡುಪಿಯಲ್ಲೇ ಜನ ಇದ್ದಾರೆ ಅಲ್ವಾ" ಎಂದ. ಅವಳು ಹೌದೆಂದು ತಲೆಯಾಡಿಸಿ ಟಿಕೆಟ್ ತೆಗೆದುಕೊಂಡಳು. ಬಸ್ಸು ಕುಲುಕಿದಾಗಲೆಲ್ಲ ಪೆಟ್ಟಿಗೆಯ ಅಂಚು ಮೊಣಕಾಲಿಗೆ ಒತ್ತುತ್ತಿತ್ತು.

ವಲೇರಿಯನ್ ಶಾರ್ಜಾದ ಒಂದು ಮಾಲಿನಲ್ಲಿ ಮಕ್ಕಳಾಡುವ ದೊಡ್ಡ ದೊಡ್ಡ ಗೇಮ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರು. ಬೇರೆಯವರ ಆಟ ಸರಿ ಮಾಡಿ ಸಾಕಾಯಿತು, ಒಂದಾದರೂ ನಮ್ಮದು ಆಗಬೇಕು ಎಂದುಕೊಂಡು ಊರಿಗೆ ಮರಳಿ ಪರ್ಕಳದಲ್ಲಿ ಆಫೀಸು ತೆರೆದರು. ಯಾವ ಆಟ ಮಾಡಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಅದನ್ನು ಹೇಳಿದ್ದು ದೀಕ್ಷಿತಾ. ಅವಳ ಅಪ್ಪ ಬೂಬ ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಐಸ್ ತುಂಬಿಸುತ್ತಿದ್ದವರು. ಅಂಗೈಯ ಚರ್ಮ ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಅವಳು ಹೇಳಿದ ಆಟದಲ್ಲಿ ಒಬ್ಬಳು ಹುಡುಗಿ ಸಣ್ಣ ದೋಣಿಯಲ್ಲಿ ಐಸ್ ಗಡ್ಡೆ ಹೇರಿಕೊಂಡು ಹೋಗಿ, ಎಂಜಿನ್ ಕೆಟ್ಟು ಸಮುದ್ರದಲ್ಲೇ ನಿಂತ ಬೋಟುಗಳಿಗೆ ಮುಟ್ಟಿಸುವುದು. ಐಸ್ ಕರಗುವ ಮೊದಲು ತಲುಪಬೇಕು, ಇಲ್ಲವಾದರೆ ಅವರು ಹಿಡಿದ ಮೀನೆಲ್ಲ ಹಾಳು. ಆಟ ಅಷ್ಟೇ. ಗೋಣಿ ಹೊದೆಸಬೇಕು, ಮರದ ಹುಡಿ ಹರಡಬೇಕು, ಬಿಸಿಲು ಯಾವ ಕಡೆ ಎಂದು ನೋಡಿ ದೋಣಿ ತಿರುಗಿಸಬೇಕು. ವಲೇರಿಯನ್ ಕೇಳಿದ ಕೂಡಲೇ ಇದೇ ಮಾಡುವ ಎಂದುಬಿಟ್ಟಿದ್ದರು. ಕಿಟ್ ಬಂದ ದಿನ ಶಂಕರಪುರ ಮಲ್ಲಿಗೆಯ ಅಟ್ಟೆ ತಂದು, ಆ ಹೂಸರವನ್ನು ಅದಕ್ಕೆ ಸುತ್ತಿದ್ದರು. ಹೊರಗಿನವರು ನೋಡಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ನಾಲ್ಕೂ ಜನ ಸೆಕೆಯಲ್ಲಿ ಬೆವರುತ್ತ ಲಡ್ಡು ತಿಂದಿದ್ದರು.

ಆಮೇಲಿನದು ಬರೀ ದುಡಿತ. ಕಿಟ್ ಒಂದೇ, ಕೆಲಸಗಾರರು ಮೂವರು. ಅದರ ಮುಂದೆ ಸರದಿ. ನೀರಿನ ಅಲೆ ಸರಿಯಾಗಿ ಕಂಡರೆ ಐಸ್ ಕರಗುತ್ತಿರಲಿಲ್ಲ, ಐಸ್ ಸರಿಯಾಗಿ ಕರಗಿದರೆ ಆಟ ನಡುವೆ ನಿಂತುಬಿಡುತ್ತಿತ್ತು. ಆಟವನ್ನು ಹೊರತರುತ್ತೇವೆ ಎಂದಿದ್ದ ಹೊರದೇಶದ ಸಂಸ್ಥೆಯೊಂದು ಎರಡು ಬಾರಿ ಗಡುವು ಮುಂದೂಡಿತು, ಮೂರನೆಯ ಸಲ ಮುಂದೂಡಲಿಲ್ಲ. ಇನ್ನು ಮುಂದೆ ನಮಗೆ ಆಸಕ್ತಿ ಇಲ್ಲ ಎಂಬ ಸಭ್ಯ ಮೇಲ್ ಬಂತು. ವಲೇರಿಯನ್ ಅದನ್ನು ಓದಿ, ಚಹಾ ಕುಡಿದು, ಕಾರ್ಕಳಕ್ಕೆ ಹೊರಟುಹೋದರು. ಮುಂದಿನ ವಾರ ಎದೆನೋವು, ಮಂಗಳೂರಿನಲ್ಲಿ ಆಪರೇಷನ್. ಅಲ್ಲಿಂದ ಈಚೆ ಅವರ ದನಿಯನ್ನೇ ಅವಳು ಕೇಳಿರಲಿಲ್ಲ. ಆಫೀಸು ಮುಚ್ಚುತ್ತದೆ ಎಂದು ಅಖಿಲ್‌ಗೂ ಕಾವ್ಯಳಿಗೂ ಹೇಳಬೇಕಾದವಳು ಅವಳೇ ಆದಳು. ಕಾವ್ಯ ಅತ್ತಾಗ ಪಕ್ಕ ಕುಳಿತವಳೂ ಅವಳೇ. ತಾನು ಅಳುವುದಕ್ಕೆ ಸರದಿ ಬರಲೇ ಇಲ್ಲ.

ಕಾರ್ಕಳದ ಅತ್ತೂರಿನ ಹತ್ತಿರ ರಿಕ್ಷಾ ಇಳಿದಾಗ ಮನೆಯ ಗೇಟಿನ ಬಳಿ ಸೆಲೀನ್ ನಿಂತಿದ್ದರು. ಶಾರ್ಜಾದಲ್ಲಿ ನರ್ಸ್ ಆಗಿದ್ದ ಗಟ್ಟಿ ಹೆಂಗಸು. ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡವರೇ ಒಳಗೆ ನಡೆದರು. ವಲೇರಿಯನ್ ಹಾಲಿನ ಒರಗುಕುರ್ಚಿಯಲ್ಲಿದ್ದರು. ಲುಂಗಿ, ಗುಂಡಿ ಬಿಚ್ಚಿದ ಅಂಗಿ, ಎದೆಯ ನಡುವೆ ಉದ್ದಕ್ಕೆ ಹೊಲಿಗೆಯ ಗುರುತು. ಅರ್ಧದಷ್ಟಾಗಿ ಹೋಗಿದ್ದರು. ಅವಳನ್ನು ಕಂಡು ಏಳಲು ನೋಡಿದರು. ಸೆಲೀನ್ ಕೊಂಕಣಿಯಲ್ಲಿ ಏನೋ ಗದರಿದ ಮೇಲೆ ಕುಳಿತರು.

ದಾರಿಯುದ್ದಕ್ಕೂ ದೀಕ್ಷಿತಾ ಲೆಕ್ಕ ಹಾಕಿಕೊಂಡು ಬಂದಿದ್ದಳು. ಟಿ.ವಿ.ಗೆ ಸಿಕ್ಕಿಸುವುದು, ಪಾಸ್‌ವರ್ಡ್ ಹಾಕಿಸುವುದು, ಅಳಿಸುವುದು, ಹೊರಡುವುದು. ಕೊರಿಯರ್‌ನವರು ಸಂಜೆ ಬಾಗಿಲು ಹಾಕುವುದರೊಳಗೆ ಉಡುಪಿ, ಅಲ್ಲಿಂದ ಕಾಪುವಿನ ಬಸ್ಸು, ಮನೆ, ಹಾಸಿಗೆ. ಹೆಚ್ಚು ಮಾತು ಬೇಡ. ಮಾತಿಗೆ ಕುಳಿತರೆ ತನ್ನ ಬಾಯಿಂದ ಎಂತೆಂಥದು ಬಂದೀತೋ ಎಂಬ ಅಂಜಿಕೆಯೂ ಇತ್ತು. ಕಾಯಿಲೆ ಬಿದ್ದ ಮನುಷ್ಯನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ. ಆದರೆ ಸಿಟ್ಟು ಇತ್ತು.

ಅವಳು ವೈರುಗಳನ್ನು ಸಿಕ್ಕಿಸಿದಳು. ಕಿಟ್ಟಿನ ಫ್ಯಾನು ಗೊರಗೊರ ಎಂದು ಎದ್ದಿತು. ಪರದೆಯ ಮೇಲೆ ಆ ಪರಿಚಿತ ಬೂದು ಪುಟ ಬಂತು. ಅವಳು ಕಂಟ್ರೋಲರನ್ನು ಅವರ ಕೈಗೆ ಕೊಟ್ಟು, ಪಾಸ್‌ವರ್ಡ್ ಹಾಕಿದರೆ ಆಯಿತು ಸರ್, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದಳು.

ವಲೇರಿಯನ್ ಕಂಟ್ರೋಲರನ್ನು ತಿರುಗಿಸಿ ನೋಡಿ ಅವಳಿಗೇ ಮರಳಿ ಚಾಚಿದರು. "ಅಳಿಸುವ. ಆದರೆ ಅದಕ್ಕೆ ಮೊದಲು ಒಮ್ಮೆ ಆಡು. ಶುರುವಿನಿಂದ ಕೊನೆಯವರೆಗೆ. ನನ್ನ ಕೈ ನಡುಗ್ತದೆ, ನನಗೆ ಆಗುವುದಿಲ್ಲ."

ಸಮಯ ಇಲ್ಲ ಎಂದು ಅವಳು ಹೇಳಿದಳು. ಕಡತಗಳೆಲ್ಲ ಬೇರೆ ಡಿಸ್ಕಿನಲ್ಲಿ ಸುರಕ್ಷಿತ ಇವೆ ಎಂದಳು. ಆದರೆ ಆ ಕಡತಗಳನ್ನು ಓಡಿಸುವ ಯಂತ್ರ ಇದೊಂದೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಂಪ್ಯೂಟರಿನಲ್ಲೂ ಓಡುವ ಹಾಗೆ ಮಾಡಬೇಕೆಂದು ಅಖಿಲ್ ಹೊರಟಿದ್ದ, ಅದು ಕಾಲುಭಾಗಕ್ಕೇ ನಿಂತಿತ್ತು. ಇಂದು ಇದು ಹೋದರೆ ಆಟ ಇನ್ನೆಲ್ಲಿಯೂ ಇಲ್ಲ. ವಲೇರಿಯನ್ ಒತ್ತಾಯ ಮಾಡಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಕೊನೆಗೆ ದೀಕ್ಷಿತಾ ಕಂಟ್ರೋಲರ್ ತೆಗೆದುಕೊಂಡು ನೆಲದ ಮೇಲೆ ಕುಳಿತಳು.

ಆಟದ ಮೊದಲ ಐದು ನಿಮಿಷವನ್ನು ಅವಳು ಎಷ್ಟು ಸಾವಿರ ಸಲ ಆಡಿದ್ದಳೋ. ಕಣ್ಣು ಮುಚ್ಚಿಯೂ ಆಡಬಲ್ಲಳು. ಬಂದರು, ಐಸ್ ಪ್ಲಾಂಟ್, ಜಾರುಹಲಗೆಯ ಮೇಲೆ ಸರಿದು ಬರುವ ಗಡ್ಡೆ, ದೋಣಿಯ ಹೊಟ್ಟೆಗೆ ಅದು ಬೀಳುವ ಸದ್ದು. ಆ ಸದ್ದಿಗಾಗಿ ಅಪ್ಪನನ್ನು ಕರೆದುಕೊಂಡು ಮಲ್ಪೆಗೆ ಹೋಗಿ ಮೊಬೈಲಿನಲ್ಲಿ ಹಿಡಿದು ತಂದಿದ್ದಳು. ಪರದೆಯ ಮೂಲೆಯಲ್ಲಿ ಯಂತ್ರದ ವೇಗ ತೋರಿಸುವ ಹಳದಿ ಅಂಕಿಗಳು ಕುಣಿಯುತ್ತಿದ್ದವು. ದಡದ ಮನೆಗಳಲ್ಲಿ ಅರ್ಧಕ್ಕೆ ಇನ್ನೂ ಬಣ್ಣವಿರಲಿಲ್ಲ.

ಅಡುಗೆಮನೆಯಿಂದ ಚಹಾ ತಂದ ಸೆಲೀನ್ ಬಾಗಿಲಲ್ಲೇ ನಿಂತರು. "ನಾನು ನೋಡಬಹುದಾ? ಹೊರಗಿನವರು ನೋಡಬಾರದು ಅಂತ ಇವರು ಒಂದು ದಿನವೂ ಆಫೀಸಿನ ಒಳಗೆ ಕರೆಯಲಿಲ್ಲ."

ವಲೇರಿಯನ್ ದೀಕ್ಷಿತಾಳ ಕಡೆ ನೋಡಿದರು. ನಿಯಮ ಹೇಳಬೇಕಾದವಳು ಅವಳೇ ಎಂಬಂತೆ. "ಕೂತುಕೊಳ್ಳಿ ಆಂಟಿ" ಎಂದಳು ದೀಕ್ಷಿತಾ.

ಸೆಲೀನ್ ಸೋಫಾದ ತುದಿಯಲ್ಲಿ ಕುಳಿತರು, ಯಾರದೋ ಮನೆಗೆ ಬಂದವರ ಹಾಗೆ. ದೋಣಿ ಮೊದಲನೆಯ ಬೋಟು ಮುಟ್ಟಿತು, ಎರಡನೆಯದನ್ನೂ ಮುಟ್ಟಿತು. ಗೋಣಿ ಸರಿದು ಐಸಿನ ಮೇಲೆ ಬಿಸಿಲು ಬಿದ್ದಾಗ ಸೆಲೀನ್ ಮುಂದಕ್ಕೆ ಬಾಗಿದರು. ಆ ಹುಡುಗಿ ಯಾಕೆ ಒಬ್ಬಳೇ, ಗಡ್ಡೆ ಇಳಿಸುವುದಕ್ಕೂ ಯಾರೂ ಕೈ ಹಾಕುವುದಿಲ್ಲವಾ ಎಂದು ಕೇಳಿದರು. ಬೋಟಿನವರನ್ನೂ ಮಾಡಬೇಕೆಂದಿತ್ತು ಆಂಟಿ, ಆಟದಲ್ಲಿ ಮನುಷ್ಯರನ್ನು ನಡೆಸುವುದು ಕಷ್ಟ, ಆಮೇಲೆ ಮಾಡುವ ಅಂತ ಬಿಟ್ಟದ್ದು ಎಂದಳು ದೀಕ್ಷಿತಾ. ಹೇಳಿದ ಮೇಲೆ ಅವಳಿಗೇ ವಿಚಿತ್ರವೆನಿಸಿತು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ; ಕೇಳಲು ಹೊರಗಿನವರು ಯಾರೂ ನೋಡಿಯೇ ಇರಲಿಲ್ಲ.

ಹಿಂದೆ ತಿರುಗಿ ನೋಡಿದರೆ ವಲೇರಿಯನ್ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಕೈ ಹೊಟ್ಟೆಯ ಮೇಲಿತ್ತು.

ಅವಳು ಎಬ್ಬಿಸಲು ಹೋದಾಗ ಸೆಲೀನ್ ತಡೆದರು. "ಬೇಡ ಮಗಾ. ಆಸ್ಪತ್ರೆಯಿಂದ ಬಂದ ಮೇಲೆ ಹೀಗೆ ಮಲಗಿದ್ದೇ ಇಲ್ಲ. ಸ್ವಲ್ಪ ಹೊತ್ತು ಬಿಡು."

ಪಾಸ್‌ವರ್ಡ್ ಅವರ ತಲೆಯಲ್ಲಿತ್ತು. ಕೊರಿಯರ್ ಕಚೇರಿ ಉಡುಪಿಯಲ್ಲಿತ್ತು. ದೀಕ್ಷಿತಾ ಗೋಡೆಯ ಗಡಿಯಾರ ನೋಡಿದಳು, ಮಲಗಿದ ಮನುಷ್ಯನನ್ನು ನೋಡಿದಳು. ಇವರಿಗೆ ಇಲ್ಲಿಯೂ ನಿದ್ದೆ, ನನಗೆ ಇಲ್ಲಿಯೂ ಕೆಲಸ ಎನ್ನಿಸಿ ಕಣ್ಣು ಉರಿಯಿತು. ಬೇರೆ ಮಾಡುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಆಟ ಮುಂದುವರಿಸಿದಳು.

ಮೂರನೆಯ ಬೋಟಿನ ದಾರಿಯಲ್ಲಿ ಮಂಜು ಬರುತ್ತದೆ. ಅಲ್ಲಿ ಆಟ ನಿಂತುಹೋಗುವುದು ವಾಡಿಕೆ; ಎಷ್ಟು ಹುಡುಕಿದರೂ ಆ ದೋಷ ಸಿಕ್ಕಿರಲಿಲ್ಲ. ಆ ದಿನ ಯಾಕೋ ನಿಲ್ಲಲಿಲ್ಲ. ದೋಣಿ ಮಂಜು ದಾಟಿತು. ಸೆಲೀನ್ ಈಗ ಸೋಫಾದಿಂದ ಇಳಿದು ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತಿದ್ದರು. ಎಡಕ್ಕೆ ತಿರುಗಿಸು, ಅಲ್ಲಿ ನೆರಳುಂಟು ಎಂದು ಪಿಸುಮಾತಿನಲ್ಲಿ ಹೇಳುತ್ತಿದ್ದರು. ಕೊನೆಯ ಬೋಟಿಗೆ ಮುಟ್ಟಿಸುವಾಗ ಐಸ್ ಮುಷ್ಟಿಯಷ್ಟು ಉಳಿದಿತ್ತು. ಅಷ್ಟು ಸಾಕಿತ್ತು.

ಆಮೇಲೆ ದೋಣಿ ದಡಕ್ಕೆ ಮರಳಬೇಕು. ದಡ ಬಂತು. ಅಲ್ಲಿ ಮರಳಿಲ್ಲ, ಮರವಿಲ್ಲ, ಜನರಿಲ್ಲ. ಬರೀ ಬೂದು ಬಣ್ಣದ ಒಂದು ಚಪ್ಪಟೆ ಹಾಸು. ಅದರ ಮೇಲೆ ಅಖಿಲ್ ಯಾವಾಗಲೋ ಬರೆದಿಟ್ಟ ಬಿಳಿ ಅಕ್ಷರಗಳು: "ಮುಗಿತಾಯ ಇಲ್ಲಿ. ದೀಕ್ಷಿತಾ ಹೇಳಿದ ಮೇಲೆ ಮಾಡುವುದು." ಮುಗಿತಾಯ ಹೇಗಿರಬೇಕೆಂದು ಅವಳು ಹೇಳಿಯೇ ಇರಲಿಲ್ಲ. ಮಂಜಿನ ದೋಷ ಸರಿಯಾಗಲಿ, ಆಮೇಲೆ ಯೋಚಿಸುವ ಎಂದುಕೊಂಡಿದ್ದಳು.

"ಇಷ್ಟೇಯಾ?" ಎಂದು ಸೆಲೀನ್ ಕೇಳಿದರು.

"ಇಷ್ಟೇ ಆಂಟಿ. ಮುಂದಿನದ್ದು ಆಗಲಿಲ್ಲ."

 ಸೆಲೀನ್, ಅಷ್ಟು ದೂರ ಹೋಗಿ ಬಂದವಳಿಗೆ ಒಂದು ಚಹಾ ಕೊಡುವವರಾದರೂ ದಡದಲ್ಲಿ ಇರಬೇಕಿತ್ತು ಎಂದು, ತಣ್ಣಗಾದ ಲೋಟ ಎತ್ತಿಕೊಂಡು ಬೇರೆ ಚಹಾ ಮಾಡಲು ಎದ್ದುಹೋದರು.

ಲೋಟದ ಸದ್ದಿಗೋ ಏನೋ ವಲೇರಿಯನ್‌ಗೆ ಎಚ್ಚರವಾಯಿತು. ಪರದೆ ನೋಡಿದರು, ಅಕ್ಷರ ಓದಿದರು. ಮಂಜಿನಲ್ಲಿ ನಿಲ್ಲಲಿಲ್ಲವಾ ಎಂದು ಕೇಳಿದರು. ಇಲ್ಲ ಎಂದಳು. ಯಾಕೆ ನಿಲ್ಲಲಿಲ್ಲ ಎಂದು ಕೇಳಿದರು. ಗೊತ್ತಿಲ್ಲ ಎಂದಳು. ರಿಪೇರಿಯವರ ಹಳೆ ಅಭ್ಯಾಸದಿಂದ ಅವರು ಒಂದು ಕ್ಷಣ ಅದನ್ನೇ ಯೋಚಿಸಿ, ಮತ್ತೆ ಆ ಯೋಚನೆಯನ್ನೇ ಬಿಟ್ಟರು. ಕೈ ಚಾಚಿ ಕಂಟ್ರೋಲರ್ ತೆಗೆದುಕೊಂಡು ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಒತ್ತಿದರು. ಎರಡು ಬಾರಿ ತಪ್ಪಿತು. ಅವಳು ಸಹಾಯಕ್ಕೆ ಹೋಗಲಿಲ್ಲ. ಮೂರನೆಯ ಸಲ ಯಂತ್ರ ಒಪ್ಪಿಕೊಂಡು, ಎಲ್ಲವನ್ನೂ ಅಳಿಸಲೇ ಎಂದು ಕೇಳಿತು. ಅವರು ಹೌದು ಒತ್ತಿದರು. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯ ಹಾಗೆ ತೆವಳತೊಡಗಿತು.

ಅದು ತುಂಬುವವರೆಗೆ ಕಾಯಬೇಕಿತ್ತು. ಇಬ್ಬರೂ ಪಟ್ಟಿಯನ್ನೇ ನೋಡುತ್ತ ಕುಳಿತರು.

"ನಿನ್ನ ಮೇಲ್ ಎಲ್ಲ ಓದಿದ್ದೇನೆ" ಎಂದರು ವಲೇರಿಯನ್. "ಬರೆಯಲಿಕ್ಕೆ ಕೂತರೆ ಎಂತ ಬರೆಯುವುದು ಅಂತಲೇ ತಿಳಿಯುತ್ತಿರಲಿಲ್ಲ."

"ಬರೆಯುವುದು ಬೇಡ ಇತ್ತು ಸರ್. ಒಂದು ಫೋನ್ ಮಾಡಬಹುದಿತ್ತು. ಅವರಿಬ್ಬರಿಗೆ ನಾನು ಒಬ್ಬಳೇ ಹೇಳಿದೆ."

ದನಿ ಏರಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಚಮಚದ ಸದ್ದು ನಿಂತಿತು.

"ಹೌದು" ಎಂದರು ಅವರು. ಬೈಪಾಸ್ ಆಗಿತ್ತು ಎನ್ನಲಿಲ್ಲ, ಡಾಕ್ಟರು ಮಾತಾಡಬೇಡಿ ಎಂದಿದ್ದರು ಎನ್ನಲಿಲ್ಲ. "ಮಾಡಬಹುದಿತ್ತು. ಹೆದರಿಕೆ ಆಯಿತು. ನೀನು ಎಲ್ಲ ನೋಡಿಕೊಳ್ಳುತ್ತೀ ಅಂತ ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ. ಅದು ಸರಿ ಅಲ್ಲ."

ಅವಳಿಗೆ ಎದೆ ಹಗುರಾಯಿತೇ ಎಂದರೆ ಇಲ್ಲ. ಸಿಟ್ಟು ಇದ್ದಲ್ಲಿ ಈಗ ಇನ್ನಷ್ಟು ಆಯಾಸ ಬಂದು ಕುಳಿತಿತು. ಆದರೂ ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಅವರು ಹೌದು ಎಂದಾಗಿತ್ತು. ಪಟ್ಟಿ ತುಂಬಿತು. ಯಂತ್ರ ಒಮ್ಮೆ ಆರಿ, ತಾನೇ ಹೊತ್ತಿಕೊಂಡು, ಹೊಸದಾಗಿ ಬಂದ ದಿನದ ಹಾಗೆ ಯಾವ ಭಾಷೆ ಬೇಕು ಎಂದು ಕೇಳಿತು. ಅವಳು ಸ್ವಿಚ್ ಆರಿಸಿದಳು.

ಸೆಲೀನ್ ಅವಳಿಗೆ ಬಿಸಿ ಚಹಾ ಕುಡಿಸಿಯೇ ಬಿಟ್ಟರು. ಪೆಟ್ಟಿಗೆಗೆ ಮತ್ತೆ ಹಗ್ಗ ಬಿಗಿದದ್ದೂ ಅವರೇ. ವಲೇರಿಯನ್ ಈ ಬಾರಿ ಯಾರು ಗದರಿದರೂ ಕೇಳದೆ ಕಂಬ ಹಿಡಿದುಕೊಂಡು ಗೇಟಿನವರೆಗೆ ಬಂದರು. ಹೊಸ ಕೆಲಸ ಎಲ್ಲಿ ಎಂದು ಕೇಳಿದರು. ಹೇಳಿದಳು. ಒಳ್ಳೆಯದು, ಅಲ್ಲಿ ರಜೆ ಸಿಗ್ತದೆ ಎಂದರು.

ಉಡುಪಿಯ ಕೊರಿಯರ್ ಕಚೇರಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದವಳನ್ನು ಕೌಂಟರಿನ ಹೆಂಗಸು ನೋಡಿ, ಬೈಯಲು ತೆರೆದ ಬಾಯಿ ಮುಚ್ಚಿ, ಪೆಟ್ಟಿಗೆಯನ್ನು ತೂಕಕ್ಕಿಟ್ಟಳು. ಒಳಗೆ ಎಂತ ಎಂದು ಕೇಳಿದಳು. ಕಂಪೆನಿ ಕಳಿಸಿದ್ದ ಚೀಟಿಯನ್ನು ದೀಕ್ಷಿತಾ ಮುಂದಿಟ್ಟಳು. ಹೆಂಗಸು ಅದನ್ನು ನೋಡಿ ಟೈಪು ಮಾಡಿ, ಮಿಕ್ಸಿಯ ಚಿತ್ರದ ಮೇಲೆ ಲೇಬಲ್ ಅಂಟಿಸಿ, ಪೆಟ್ಟಿಗೆಯನ್ನು ಹಿಂದಿನ ರಾಶಿಗೆ ತಳ್ಳಿದಳು. ದೀಕ್ಷಿತಾಳ ಎರಡು ಕೈಗಳೂ ಖಾಲಿಯಾದವು. ತೋಳುಗಳು ಮಾತ್ರ ಇನ್ನೂ ಭಾರ ಹೊತ್ತ ಹಾಗೆಯೇ ಬಾಗಿಕೊಂಡಿದ್ದವು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಉದ್ಯಾವರದ ಸೇತುವೆ ಬಂದದ್ದು ಅವಳಿಗೆ ನೆನಪಿತ್ತು, ಹೊಳೆಯ ಗಾಳಿ ಮುಖಕ್ಕೆ ಬಡಿದದ್ದೂ ನೆನಪಿತ್ತು. ಆಮೇಲೆ ಏನೂ ನೆನಪಿರಲಿಲ್ಲ. ಫೋನು ಹೊಡೆದುಕೊಂಡಾಗ ಎಚ್ಚರವಾಯಿತು. ಅಮ್ಮ ಪುಷ್ಪಾವತಿ. ಮೀನು ಮಾರ್ಕೆಟಿನಿಂದ ಬಂದು ಬುಟ್ಟಿ ತೊಳೆದು ಮಗಳಿಗಾಗಿ ಕಾಯುತ್ತಿದ್ದವಳು, ಎಲ್ಲಿಗೆ ಮುಟ್ಟಿದಿ ಎಂದು ತುಳುವಿನಲ್ಲಿ ಕೇಳಿದಳು. ದೀಕ್ಷಿತಾ ಹೊರಗೆ ನೋಡಿದಳು. ತಾನು ಇಳಿಯಬೇಕಿದ್ದ ಕಾಪು ಯಾವಾಗಲೋ ದಾಟಿ, ಬಸ್ಸು ಉಚ್ಚಿಲದಲ್ಲಿ ನಿಂತಿತ್ತು.

ನಿದ್ದೆ ಬಂದು ಮುಂದೆ ಬಂದುಬಿಟ್ಟೆ ಎಂದಳು. ಅಮ್ಮ ಬೈಯಲಿಲ್ಲ. ಅವಸರ ಇಲ್ಲ, ಮೆಲ್ಲ ಬಾ, ಅನ್ನ ಬಿಸಿಯೇ ಇರುತ್ತದೆ ಎಂದು ಫೋನಿಟ್ಟಳು.

ದೀಕ್ಷಿತಾ ಇಳಿದು, ಎರಡೂ ಕಡೆಯ ಲಾರಿಗಳು ಹೋಗುವವರೆಗೆ ನಿಂತು, ಹೆದ್ದಾರಿ ದಾಟಿದಳು. ಆಚೆ ಬದಿಯ ನಿಲ್ದಾಣದಲ್ಲಿ ಉಡುಪಿ ಕಡೆಯ ಬಸ್ಸಿಗೆ ಕಾಯುವವರು ಮೂರ್ನಾಲ್ಕು ಜನ ಇದ್ದರು. ಕಲ್ಲುಬೆಂಚಿನಲ್ಲಿ ಒಬ್ಬರು ಸರಿದು ಜಾಗ ಮಾಡಿಕೊಟ್ಟರು. ಅವಳು ಕುಳಿತಳು.